ಲೋಟದಲ್ಲಿ ಬಿಟ್ಟ ಬೀಜ

ಕೃಪಾ ಲಿಂಬೆಹಣ್ಣನ್ನು ಹೆಚ್ಚಿ, ಚೂರಿಯ ಮೊನೆಯಿಂದ ಬೀಜಗಳನ್ನು ಒಂದೊಂದಾಗಿ ಎಬ್ಬಿಸಿ ತಟ್ಟೆಯ ಅಂಚಿಗೆ ಸರಿಸುತ್ತಿದ್ದಳು. ಬೀಜ ಸೀಳಿದರೆ ರಸ ಕಹಿಯಾಗುತ್ತದೆ. ಅವಳ ಕೈಯಲ್ಲಿ ಅವಸರವಿರಲಿಲ್ಲ. ಒಳಕೋಣೆಯಲ್ಲಿ ಅಮ್ಮ ಕಮಲಾಕ್ಷಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ನಿನ್ನೆಯಿಂದ ಮನೆಯಲ್ಲಿ ಮಾತಿಲ್ಲ.

ಅಮ್ಮನ ಕ್ಯಾನ್ಸರ್ ಚಿಕಿತ್ಸೆಗೆಂದು ಕಾಸರಗೋಡಿನಿಂದ ತಿರುವನಂತಪುರಕ್ಕೆ ಬಂದು, ಅಲ್ಲಿನ ಪಟ್ಟಂ ಎಂಬಲ್ಲಿ ಬಾಡಿಗೆ ಮನೆ ಹಿಡಿದು ಎರಡು ತಿಂಗಳಾಗಿತ್ತು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ ಕೃಪಾ ಜೊತೆಗಿದ್ದಳು. ಕೊಚ್ಚಿಯ ಬ್ಯಾಂಕಿನಲ್ಲಿದ್ದ ಅಣ್ಣ ಪ್ರಮೋದ್ ಎರಡು ವಾರಕ್ಕೊಮ್ಮೆ ಶನಿವಾರ ರೈಲು ಹತ್ತಿ ಬರುತ್ತಿದ್ದ. ಎರಡನೆಯ ಇಂಜೆಕ್ಷನ್ ಆದ ಮೇಲೆ ಅಮ್ಮನಿಗೆ ಗಂಜಿ ಸೇರಲಿಲ್ಲ. ಲಿಂಬೆ ಶರಬತ್ತು ಮಾತ್ರ ಇಳಿಯುತ್ತಿತ್ತು. ತೂಕ ಇನ್ನೂ ಕಡಿಮೆಯಾದರೆ ಮುಂದಿನ ಇಂಜೆಕ್ಷನ್ ಕೊಡಲಾಗದು ಎಂದು ಡಾಕ್ಟರು ಹೇಳಿದ್ದರು.

ಆಮೇಲೆ ಅಮ್ಮನಿಗೆ ಶರಬತ್ತೂ ಕಹಿಯಾಯಿತು.

“ಬೀಜ ಸೇರಿಸಿ ಹಿಂಡಿದ್ದೀಯಲ್ಲ ಮಾರಾಯ್ತಿ! ಬಾಯಿಯೆಲ್ಲ ಕಹಿ.”

ಮರುದಿನ ಕೃಪಾ ಬಟ್ಟೆಯಲ್ಲಿ ಸೋಸಿದಳು. ರುಚಿ ನೋಡಿದಳು, ಸಿಹಿಯಾಗಿಯೇ ಇತ್ತು. ಅಮ್ಮ ಒಂದು ಗುಟುಕು ಕುಡಿದು, ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಹುಡುಕಿದರು. ದೂರಲು ಒಂದೂ ಬೀಜ ಕಾಣಲಿಲ್ಲ. ಲೋಟ ಕೆಳಗಿಟ್ಟವರು ಮತ್ತೆ ಮುಟ್ಟಲಿಲ್ಲ. ಕೃಪಾಳಿಗೆ ನಿಜವಾಗಿ ಹೆದರಿಕೆಯಾದದ್ದು ಆಗ.

ಅಂದಿನಿಂದ ಅವಳು ಸೋಸಿದ ಮೇಲೆ ಒಂದು ಇಡೀ ಬೀಜವನ್ನು ಲೋಟಕ್ಕೆ ಹಾಕತೊಡಗಿದಳು. ಅಮ್ಮ ಅದನ್ನು ಬೆರಳಲ್ಲಿ ಎತ್ತಿ, “ನೋಡು, ಇದೇ ಕಳ್ಳ! ನಿನಗೆ ಕಣ್ಣು ಎಲ್ಲಿ ಉಂಟು?” ಎಂದು ಬೈದು, ತಳ ಕಾಣುವವರೆಗೆ ಕುಡಿಯುತ್ತಿದ್ದರು. ಹನ್ನೆರಡು ದಿನ ಹೀಗೇ ನಡೆಯಿತು.

ನಿನ್ನೆ ಬಂದ ಪ್ರಮೋದ್ ಆ ಬೈಗುಳ ಕೇಳಿ ಲೋಟ ಕಿತ್ತುಕೊಂಡು ರುಚಿ ನೋಡಿದ್ದ.

“ಎಂತ ಕಹಿ ಅಮ್ಮ? ಪಾಯಸದ ಹಾಗುಂಟು. ಪಾಪ, ಅವಳಿಗೆ ಯಾಕೆ ಬೈಯುವುದು? ಮದ್ದಿಗೆ ನಿಮ್ಮ ನಾಲಿಗೆಯೇ ಹಾಗಾದದ್ದು.”

ತಂಗಿಯ ಪರ ಮಾತಾಡಿದೆನೆಂದು ಅವನು ನಕ್ಕಿದ್ದ. ಅಮ್ಮ ಬೆರಳ ತುದಿಯ ಬೀಜವನ್ನು ಸ್ವಲ್ಪ ಹೊತ್ತು ನೋಡಿ, ಒರೆಸಿಕೊಂಡು, ಗೋಡೆಯ ಕಡೆ ತಿರುಗಿದ್ದರು. ಆಮೇಲೆ ನೀರೂ ಮುಟ್ಟಿಲ್ಲ. ನಾಳೆ ಆಸ್ಪತ್ರೆಯಲ್ಲಿ ತೂಕ ನೋಡುತ್ತಾರೆ.

ಕೃಪಾ ಲೋಟ ತುಂಬಿಸಿ, ಬೀಜ ಹಾಕಿ, ಹೊರಕೋಣೆಗೆ ಬಂದಳು. ಪ್ರಮೋದ್ ಕೊಚ್ಚಿಯ ರೈಲಿಗೆ ಹೊರಟು, ಒಂದು ಕಾಲಿಗೆ ಸಾಕ್ಸ್ ಹಾಕಿ ಕೂತಿದ್ದ. ಅವನ ಎದುರು ನಿಂತು ಅವಳು ಇಷ್ಟು ದೃಢವಾಗಿ ಮಾತಾಡಿದ್ದು ಅದೇ ಮೊದಲು.

“ಅಣ್ಣಾ, ಅಮ್ಮನ ಎದುರು ಇದನ್ನು ಒಂದು ಗುಟುಕು ಕುಡಿದು, ಬೀಜದ್ದೇ ಕಹಿ ಉಂಟು ಅಂತ ಹೇಳು.”

ಅವನು ಲೋಟದೊಳಗಿನ ಬೀಜ ನೋಡಿ, ಇನ್ನೊಂದು ಸಾಕ್ಸನ್ನು ಕೆಳಗಿಟ್ಟ.

“ಹೇಳು ಅಣ್ಣಾ.”