ಸರೋಜಕ್ಕನ ಸ್ವಿಚ್ಚು

ಕತ್ತಲಾಗಲಿ ಎಂದು ಇಡೀ ಕೇರಿ ಕಾದು ಕೂತಿತ್ತು. ಸೋಲಾರ್ ದೀಪಕ್ಕೆ ಸ್ವಿಚ್ಚೆಂಬುದು ಇರುವುದಿಲ್ಲ, ಕತ್ತಲಾದರೆ ತಾನೇ ಹೊತ್ತಿಕೊಳ್ಳುತ್ತದೆ, ಬೆಳಗಾದರೆ ತಾನೇ ಆರುತ್ತದೆ ಎಂದು ಪಂಚಾಯತಿ ಅಧ್ಯಕ್ಷರು ಮೈಕಿನಲ್ಲಿ ಎರಡೆರಡು ಸಲ ಹೇಳಿ ಆಗಿತ್ತು. ಭಾಷಣ ಮುಗಿದಿತ್ತು, ಪಾನಕ ಮುಗಿದಿತ್ತು. ಗುಲ್ವಾಡಿಯ ಹೊಳೆಯ ಮೇಲಿನ ಬೆಳಕು ಮಾತ್ರ ಹೋಗಲು ಮನಸ್ಸು ಮಾಡಿರಲಿಲ್ಲ. ಹೊಸ ಕಂಬದ ಬುಡದಲ್ಲಿ ರೇಷ್ಮೆ ಸೀರೆಯುಟ್ಟು ನಿಂತಿದ್ದ ಸೌಮ್ಯಶ್ರೀ ಗಳಿಗೆಗೊಮ್ಮೆ ತಲೆಯೆತ್ತಿ ನೋಡುತ್ತಿದ್ದಳು. ಮೊದಲ ಸಲ ಪಂಚಾಯತಿಗೆ ಆರಿಸಿ ಬಂದವಳು. ಕೇರಿಗೆ ಅವಳು ತಂದ ಮೊದಲ ಕೆಲಸವೇ ಈ ದೀಪ. ಕಂಬ ನೆಟ್ಟದ್ದೂ ಅವಳ ಮನೆ ಗೇಟಿನ ಪಕ್ಕದಲ್ಲೇ.

ಎದುರು ಮನೆಯ ಜಗಲಿಯಲ್ಲಿ ಸರೋಜಕ್ಕ ಕೂತಿದ್ದಳು. ಬನ್ನಿ ಎಂದು ಎರಡು ಸಲ ಕರೆದಿದ್ದರು. ಸೊಂಟನೋವು ಎಂದಿದ್ದಳು. ಸೊಂಟ ಚೆನ್ನಾಗಿಯೇ ಇತ್ತು, ನೋವಿದ್ದದ್ದು ಬೇರೆ ಕಡೆ.

ಸರೋಜಕ್ಕ ಮದುವೆಯಾಗಿ ಈ ಮನೆಗೆ ಬಂದ ವರ್ಷ ಕೇರಿಯ ಬೀದಿದೀಪದ ಸ್ವಿಚ್ಚು ಅವಳ ಕಂಪೌಂಡಿಗೆ ತಾಗಿದ ಕರೆಂಟು ಕಂಬದಲ್ಲಿತ್ತು. ಮಳೆಗಾಲದಲ್ಲಿ ಅದು ಶಾಕ್ ಹೊಡೆಯುತ್ತಿದ್ದುದರಿಂದ ಅತ್ತೆ ಒಂದು ಒಣ ಬಿದಿರುಕೋಲು ಕೊಟ್ಟು, ಮುಸ್ಸಂಜೆಗೆ ಹೀಗೆ ಮೇಲೆ ದೂಡು, ಬೆಳಿಗ್ಗೆ ಹೀಗೆ ಕೆಳಗೆ ಎಳೆ ಎಂದು ತೋರಿಸಿಕೊಟ್ಟಿದ್ದರು. ಅಂದಿನಿಂದ ಆ ಕೆಲಸ ಅವಳದು. ಜ್ವರ ಬಂದರೂ ಬಿಡಲಿಲ್ಲ, ನೆಂಟರ ಮನೆಯ ಮದುವೆಯಿಂದ ಊಟ ಮಾಡದೆ ಓಡಿ ಬಂದದ್ದೂ ಇದೆ. ಸ್ವಲ್ಪ ತಡವಾದರೆ "ಹ್ವಾಯ್ ಸರೋಜಕ್ಕ, ಲೈಟ್" ಎಂದು ಮೂರು ಮನೆಗಳಿಂದ ಕೂಗು ಕೇಳುತ್ತಿತ್ತು. ಸಿಟ್ಟು ಬಂದವಳಂತೆ ಗೊಣಗುತ್ತಾ ಕೋಲು ಹಿಡಿದು ಹೊರಡುವಾಗ ಅವಳಿಗೆ ಆಗುತ್ತಿದ್ದ ಸುಖ ಗಂಡ ಕುಷ್ಟನಿಗೂ ಗೊತ್ತಿರಲಿಲ್ಲ.

ಈಗ ಇಂಧನ ಉಳಿತಾಯವಂತೆ. ಬೀದಿದೀಪಗಳು ಹಗಲೂ ಉರಿದು ಕರೆಂಟು ಪೋಲಾಗುತ್ತದಂತೆ. ಯಾವ ಕೇರಿಯಲ್ಲಿ ಉರಿಯುತ್ತದೋ, ತನ್ನ ದೀಪ ಒಂದು ದಿನ ಹಗಲಲ್ಲಿ ಉರಿದದ್ದುಂಟೆ? ಆದರೂ ಹಳೆಯ ಬಲ್ಬು ಬಿಚ್ಚಿ, ಸ್ವಿಚ್ಚಿನ ಪೆಟ್ಟಿಗೆ ಕಿತ್ತು ಒಯ್ದರು. ಕೋಲು ಜಗಲಿಯ ಮೂಲೆಯಲ್ಲಿ ಉಳಿಯಿತು. ಹೊಸ ದೀಪವಾದರೂ ಈ ಬದಿಗೆ ಬರಬಾರದೆ? ಅದು ಹೋಗಿ ಸೌಮ್ಯಶ್ರೀಯ ಬಾಗಿಲಲ್ಲಿ ನಿಂತಿತು. ನಿನ್ನೆ ಮೊನ್ನೆ ಮುಂಬಯಿಯಿಂದ ಬಂದವಳು, ಬಂದದ್ದೇ ಓಟಿಗೆ ನಿಂತಳು, ಗೆದ್ದಳು, ಬೆಳಕನ್ನೂ ಮನೆ ಬಾಗಿಲಿಗೆ ಎಳೆದುಕೊಂಡಳು. ಸರೋಜಕ್ಕನಿಗೆ ಹೊಟ್ಟೆ ಉರಿಯಿತು. ಅದನ್ನು ಬೇರೆ ಹೆಸರಿನಿಂದ ಕರೆಯುವುದರಲ್ಲಿ ಅರ್ಥವಿಲ್ಲ.

ಅಂತೂ ಕತ್ತಲು ಹತ್ತಿರವಾಯಿತು. ಸರೋಜಕ್ಕ ಎದ್ದು ಮಹಡಿ ಹತ್ತಿದಳು. ಮಗಳು ಸ್ವಾತಿಯ ಮದರಂಗಿಗೆಂದು ಮಹಡಿಯ ಕಟ್ಟೆಗೆ ಕೂರಿಸಿದ್ದ ದೊಡ್ಡ ಹಾಲೋಜನ್ ದೀಪ ಹಾಗೇ ಇತ್ತು, ಮುಖ ಬೀದಿಯ ಕಡೆಗೆ. ನಮ್ಮ ಮನೆಯಲ್ಲೂ ಬೆಳಕುಂಟು, ಅಧ್ಯಕ್ಷರು ನೋಡಲಿ ಎಂದು ಅದನ್ನು ಹಾಕಿದಳು. ಬೇರೆ ಯಾವ ಉದ್ದೇಶವೂ ಆಗ ಇರಲಿಲ್ಲ. ಬೀದಿ ಬೆಳಗಿತು. ಕೆಲವರು ಕೈಯಡ್ಡ ಹಿಡಿದು ಮೇಲೆ ನೋಡಿದರು. ಆಕಾಶ ಪೂರ್ತಿ ಕಪ್ಪಾಯಿತು, ಆದರೆ ಹೊಸ ದೀಪ ಹೊತ್ತಲಿಲ್ಲ. ಅಧ್ಯಕ್ಷರು ಗಡಿಯಾರ ನೋಡಿಕೊಂಡರು, ಕೆಮ್ಮಿದರು, ಇನ್ನೊಂದು ಕಾರ್ಯಕ್ರಮವಿದೆ ಎಂದು ಕಾರು ಹತ್ತಿದರು. ಜನ ಕುರ್ಚಿ ಮಡಚುತ್ತಾ ನಗುವುದು ಸೌಮ್ಯಶ್ರೀಗೆ ಕೇಳಿಸುತ್ತಿತ್ತು.

ಎಲ್ಲರೂ ಹೋದ ಮೇಲೆ ಸರೋಜಕ್ಕ ಹಾಲೋಜನ್ ಆರಿಸಿದಳು. ಎದುರಿನ ಕಂಬ ಒಮ್ಮೆ ಮಿಣುಕಿ ಬೆಳ್ಳಗೆ ಹೊತ್ತಿತು. ಅವಳು ಬೆಚ್ಚಿ ಮತ್ತೆ ಹಾಕಿದಳು. ಕಂಬ ಸ್ವಲ್ಪ ತಡೆದು ಆರಿತು. ಇನ್ನೊಮ್ಮೆ ಆರಿಸಿದಳು, ಅದು ಹೊತ್ತಿತು. ದೀಪದ ನೆತ್ತಿಯ ಮೇಲಿದ್ದ ಪ್ಯಾನಲ್ಲು ಅವಳ ಮಹಡಿಗೇ ಮುಖಮಾಡಿತ್ತು. ಹಾಲೋಜನ್ನಿನ ಬೆಳಕು ಬಿದ್ದರೆ ಅದಕ್ಕೆ ಇನ್ನೂ ಹಗಲೆಂದೇ ಲೆಕ್ಕ. ಸರೋಜಕ್ಕನಿಗೆ ನಗು ತಡೆಯಲಾಗಲಿಲ್ಲ. ಕಿತ್ತೊಯ್ದ ಸ್ವಿಚ್ಚು ಅವಳ ಕೈಗೇ ಮರಳಿ ಬಂದಿತ್ತು.

ಮರುದಿನದಿಂದ ಮುಸ್ಸಂಜೆಗೆ ಮಹಡಿ ಹತ್ತಿ ಹಾಲೋಜನ್ ಹಾಕುವುದು, ಬೆಳಗಾದ ಮೇಲೆ ಆರಿಸುವುದು ಅವಳ ಹೊಸ ಪದ್ಧತಿಯಾಯಿತು. ಮನೆಯಲ್ಲಿ ಇಲ್ಲದ ದಿನ ಆ ಕೆಲಸವನ್ನು ಕುಷ್ಟನಿಗೆ ವಹಿಸಿ ಹೋಗುತ್ತಿದ್ದಳು. ಏಕೆ ಎಂದು ಅವನು ಕೇಳಲಿಲ್ಲ, ಕೇಳುವ ಗಂಡನಲ್ಲ ಅವನು. ಇಷ್ಟು ದಿನ ಸೊನ್ನೆ ಬರುತ್ತಿದ್ದ ಕರೆಂಟು ಬಿಲ್ಲು ಇನ್ನು ಸೊನ್ನೆ ಬರಲಿಕ್ಕಿಲ್ಲ ಎಂದು ಒಮ್ಮೆ ಗೊಣಗಿ ಸುಮ್ಮನಾದ. ಪಂಚಾಯತಿಯ ಎಂಜಿನಿಯರ್ ಒಂದು ಮಧ್ಯಾಹ್ನ ಏಣಿ ಇಟ್ಟು ನೋಡಿದರು. ಪ್ಯಾನಲ್ಲಿಗೆ ಗೋಣಿ ಮುಚ್ಚಿದರೆ ಹೊತ್ತುತ್ತದೆ, ತೆಗೆದರೆ ಆರುತ್ತದೆ. ದೀಪ ಸರಿಯಿದೆ ಎಂದು ಬರೆದುಕೊಂಡು ಹೋದರು. ಅಂದು ಸಂಜೆಯೂ ಅದು ಹೊತ್ತಲಿಲ್ಲ.

ಕೇರಿಯ ಬಾಯಿ ಸುಮ್ಮನಿರುತ್ತದೆಯೆ? ಎಲ್ಲಿಯದೋ ಹಳೇ ಮಾಲು ತಂದು ನೆಟ್ಟಿದ್ದಾಳೆ ಎಂದರು. ಕಮಿಷನ್ ಇಲ್ಲದೆ ತಂದಿರಲಿಕ್ಕಿಲ್ಲ ಎಂದು ಕಣ್ಣು ಮಿಟುಕಿಸಿದರು. ಪಾಪ, ಸರೋಜಕ್ಕ ತನ್ನ ಮನೆಯ ಕರೆಂಟಿನಿಂದ ಬೀದಿಗೆ ಬೆಳಕು ಕೊಡುತ್ತಾಳೆ ಎಂದೂ ಹೇಳಿದರು. ಆ ಮಾತು ಕೇಳಿದ ದಿನ ಅವಳು ಪಾಯಸ ಮಾಡಿದಳು. ಆದರೆ ಹಾಲೋಜನ್ ಬೆಳಕು ಕಂಬದಿಂದಾಚೆ ಹೊಳೆಯ ಕಡೆಗೆ ತಿರುಗುವ ದಾರಿಗೆ ಬೀಳುತ್ತಿರಲಿಲ್ಲ. ಅಲ್ಲಿ ಮುದುಕ ದುಗ್ಗಪ್ಪ ಚರಂಡಿಗೆ ಕಾಲು ಹಾಕಿ ಬಿದ್ದ. ನೋಡಲು ಹೋದವಳಿಗೆ ಅವನು, ಉಬ್ಬಿದ ಕಾಲು ನೀವಿಕೊಳ್ಳುತ್ತಾ, "ನಿಮ್ಮ್ ಲೈಟ್ ಇಪ್ಪ ಹೊತ್ತಿಗೆ ಹೀಂಗಾತಿರ್ಲಿಲ್ಲ ಅಮ್ಮ" ಎಂದ. ಇಷ್ಟು ದಿನ ಅವಳು ಕೇಳಬೇಕೆಂದಿದ್ದ ಮಾತೇ ಅದು. ಕೇಳಿಸಿಕೊಂಡು ಹೆಚ್ಚು ಹೊತ್ತು ಅಲ್ಲಿ ನಿಲ್ಲಲಾಗಲಿಲ್ಲ.

ಆ ವಾರವೇ ಸೌಮ್ಯಶ್ರೀ ಮನೆಗೆ ಬಂದಳು. ಜಗಲಿಯ ಮೇಲೆ ಕೂತು ಕೊಟ್ಟ ನೀರು ಪೂರ್ತಿ ಕುಡಿದಳು. ಮುಖ ಇಳಿದುಹೋಗಿತ್ತು. ಭಾನುವಾರ ಕೇರಿಯಲ್ಲಿ ಇಂಧನ ಉಳಿತಾಯದ ಕಾರ್ಯಕ್ರಮವಿದೆ, ಮನೆಮನೆಗೆ ಎಲ್‌ಇಡಿ ಬಲ್ಬು ಹಂಚುತ್ತಾರೆ, ದೀಪದ ಬ್ಯಾಟರಿ ಬದಲಿಸಿ ಇನ್ನೊಮ್ಮೆ ಉದ್ಘಾಟನೆ ಮಾಡುತ್ತಾರೆ ಎಂದಳು.

"ಈ ಸರ್ತಿ ನೀವೇ ಮಾಡ್ಕ್ ಅಕ್ಕ."

"ಸ್ವಿಚ್ಚೇ ಇಲ್ದಿದ್ ಲೈಟಿಗೆ ನಾನ್ ಎಂತ ಮಾಡುದ್?"

"ಕಂಬಕ್ಕೆ ಒಂದ್ ಆರತಿ ಎತ್ತಿ, ಸಾಕ್. ಇಷ್ಟ್ ವರ್ಷ ಕೇರಿಗ್ ಬೆಳ್ಕ್ ಕೊಟ್ಟದ್ ನೀವಲ್ದಾ?" ಸೌಮ್ಯಶ್ರೀ ಲೋಟ ಕೆಳಗಿಟ್ಟಳು. "ಈ ಸರ್ತಿಯೂ ಹೊತ್ದಿದ್ರೆ ಕಂಬ ಕಿತ್ಕಂಡ್ ಬೇರೆ ವಾರ್ಡಿಗೆ ಹಾಕ್ತ್ರ್. ನಾನೂ ರಾಜೀನಾಮೆ ಕೊಡ್ತೆ. ಜನರ ಮಾತ್ ಕೇಂಡ್ ಸಾಕಾಯ್ತ್."

ಸರೋಜಕ್ಕ ಸೆರಗಿನ ತುದಿ ಸುರುಳಿ ಸುತ್ತುತ್ತಿದ್ದಳು. ಎದ್ದು ಹೊರಟ ಸೌಮ್ಯಶ್ರೀ ಅಂಗಳದ ಮಾವಿನ ಮರದ ಕೆಳಗೆ ನಿಂತು ತಿರುಗಿದಳು.

"ಎಂಜಿನಿಯರ್ ಮೊದ್ಲ್ ನಿಮ್ಮ್ ಬಾಗ್ಲಿಗೇ ಹಾಕುವ ಅಂದಿರ್. ನೆಳ್ಳ್ ಬೀಳತ್ತ್, ಈ ಮರ ಕಡ್ಸ್ಕ್ ಅಂದ್ರ್. ನಾನೇ ಬ್ಯಾಡ ಅಂದೆ. ಇದ್ರ ಮಿಡಿ ತಿನ್ನದ್ ಮನಿ ನಮ್ಮ್ ಕೇರಿ ಒಳ್ಗೆ ಇತ್ತಾ?"

ಅವಳು ಹೋದಳು. ಸರೋಜಕ್ಕನ ಹೊಟ್ಟೆಯುರಿ ಕಡಿಮೆಯಾಯಿತು ಎಂದುಕೊಂಡರೆ ತಪ್ಪು. ಅದು ಹೆಚ್ಚೇ ಆಯಿತು. ಈ ಹುಡುಗಿ ಕೆಟ್ಟವಳಾಗಿದ್ದರೆ ಎಷ್ಟು ಹಾಯಾಗಿರುತ್ತಿತ್ತು! ಗೆದ್ದದ್ದು ಸಾಲದೆಂದು ಒಳ್ಳೆಯತನವನ್ನೂ ಅವಳೇ ಇಟ್ಟುಕೊಂಡರೆ ತನಗೆ ಉಳಿಯುವುದಾದರೂ ಏನು?

ಭಾನುವಾರ ಸಂಜೆ ಸರೋಜಕ್ಕ ಮಗಳ ಮದುವೆಗೆಂದು ತೆಗೆದಿದ್ದ ಸೀರೆ ಉಟ್ಟಳು. ಹಾಲೋಜನ್ ಹಾಕಬೇಡಿ ಎಂದು ಗಂಡನಿಗೆ ಹೇಳುವ ಎಂದು ಬಾಗಿಲ ತನಕ ಹೋದವಳು ಹೇಳಲಿಲ್ಲ. ಹಾಕಿ ಎಂದೂ ಹೇಳಲಿಲ್ಲ. ಆದದ್ದಾಗಲಿ, ತಪ್ಪು ತನ್ನ ಮೇಲೆ ಬೇಡ ಎಂದು ಆರತಿ ತಟ್ಟೆ ಹಿಡಿದು ಬೀದಿ ದಾಟಿದಳು. ಅಧ್ಯಕ್ಷರು ಅವಳಿಗೆ ಮುಂದಿನ ಕುರ್ಚಿ ಕೊಟ್ಟರು. ಇವರು ಎಷ್ಟೋ ವರ್ಷ ಸಂಬಳವಿಲ್ಲದೆ ಕೇರಿಗೆ ಬೆಳಕು ಕೊಟ್ಟವರು ಎಂದು ಸೌಮ್ಯಶ್ರೀ ಮೈಕಿನಲ್ಲಿ ಹೇಳುವಾಗ ಜನ ಚಪ್ಪಾಳೆ ತಟ್ಟಿದರು. ಉಬ್ಬಿದ ಕಾಲು ಚಾಚಿಕೊಂಡು ಕೂತಿದ್ದ ದುಗ್ಗಪ್ಪನೂ ತಟ್ಟಿದ. ಸರೋಜಕ್ಕನಿಗೆ ತಲೆಯೆತ್ತಲಾಗಲಿಲ್ಲ.

ಅವಳು ಆರತಿ ಎತ್ತಿ ತಟ್ಟೆ ಕೆಳಗಿಡುವಾಗ ಬೀದಿಯೆಲ್ಲ ಫಕ್ಕನೆ ಬೆಳಗಿತು. ದೀಪ ಹೊತ್ತಿತು ಎಂದು ಯಾರೋ ಅಂದರು. ಹೊತ್ತಿದ್ದು ಕಂಬವಲ್ಲ. ಮಹಡಿಯ ಮೇಲೆ ಕುಷ್ಟ, ಹೆಂಡತಿಗೆ ಸನ್ಮಾನವಾಗುವ ದಿನ ಬೆಳಕು ಕಡಿಮೆಯಾಗಬಾರದೆಂದು, ಹಾಲೋಜನ್ ಹಾಕಿ ಕೈಕಟ್ಟಿ ನಿಂತಿದ್ದ.

ಎಲ್ಲರೂ ಕಂಬ ನೋಡುತ್ತಿದ್ದರು. ಅಧ್ಯಕ್ಷರು ಕೆಮ್ಮಿದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಸೌಮ್ಯಶ್ರೀ ಮೈಕು ಕೆಳಗಿಳಿಸಿ ಕಂಬದ ತುದಿಯನ್ನೇ ನೋಡುತ್ತಿರುವುದು ಸರೋಜಕ್ಕನಿಗೆ ಹತ್ತಿರದಿಂದ ಕಾಣುತ್ತಿತ್ತು. ಸುಮ್ಮನೆ ಕೂತರೆ ಸಾಕು, ಎಲ್ಲ ತಾನಾಗಿ ಮುಗಿಯುತ್ತದೆ. ನಾಳೆ ಕಂಬ ಹೋಗುತ್ತದೆ, ಸೌಮ್ಯಶ್ರೀ ಹೋಗುತ್ತಾಳೆ, ಬೀದಿಗೆ ಉಳಿಯುವುದು ಸರೋಜಕ್ಕನ ಲೈಟು ಒಂದೇ. ಅವಳು ಕೂತಳು. ಕೂತವಳು ಎದ್ದಳು. ಇಲ್ಲಿಂದಲೇ ಕುಷ್ಟನಿಗೆ ಕೂಗಿ ಹೇಳಬಹುದಿತ್ತು, ಕೂಗಲಿಲ್ಲ. ಅಷ್ಟು ಜನರ ಎದುರು ಬೀದಿ ದಾಟಿ, ಒಳಗೆ ಹೋಗಿ, ಮೆಟ್ಟಿಲು ಹತ್ತಿ, ಗಂಡನನ್ನು ಬದಿಗೆ ಸರಿಸಿ ಸ್ವಿಚ್ಚು ಒತ್ತಿದಳು.

ಕೇರಿ ಕಪ್ಪಾಯಿತು. ಮಕ್ಕಳು ಓ ಎಂದು ಕೂಗಿದವು. ಮತ್ತೆ ಕಂಬ ಒಮ್ಮೆ ಮಿಣುಕಿ, ಬೆಳ್ಳಗೆ, ಹೊಳೆದಾರಿಯ ತಿರುವಿನ ತನಕ ಹೊತ್ತಿಕೊಂಡಿತು. ಜನ ತಲೆಯೆತ್ತಿ ದೀಪ ನೋಡಿ ಚಪ್ಪಾಳೆ ತಟ್ಟಿದರು. ಸೌಮ್ಯಶ್ರೀ ಒಬ್ಬಳೇ ದೀಪ ನೋಡಲಿಲ್ಲ. ಅವಳು ಕತ್ತಲಾದ ಮಹಡಿಯನ್ನು ನೋಡುತ್ತಿದ್ದಳು. ತುಂಬ ಹೊತ್ತು ನೋಡಿ ಮೈಕು ಬಾಯಿಗೆ ಹಿಡಿದಳು.

"ನಮ್ಮ್ ಸರೋಜಕ್ಕ ಮನಿ ಒಳ್ಗೇ ಇದ್ಕಂಡ್ ಲೈಟ್ ಹಾಕಿರ್ ಕಾಣಿ. ಅವ್ರಿಗ್ ಒಂದ್ ಚಪ್ಪಾಳಿ ಬರ್ಲಿ."

ತಮಾಷೆಯೆಂದುಕೊಂಡು ಜನ ನಕ್ಕರು, ಮಹಡಿಯ ಕಡೆ ತಿರುಗಿ ಇನ್ನೂ ಜೋರಾಗಿ ತಟ್ಟಿದರು. ಕೆಳಗೆ ಕರೆಯುತ್ತಿದ್ದಾರೆ, ಹೋಗು ಎಂದು ಕುಷ್ಟ ಎರಡು ಸಲ ಹೇಳಿದ. ಸರೋಜಕ್ಕ ಅಲುಗಲಿಲ್ಲ. ಎದುರಿನ ಬೆಳಕು ಮಾವಿನ ಎಲೆಗಳ ನಡುವಿನಿಂದ ಬಂದು ಅವಳ ಸೀರೆಯ ಅಂಚಿನ ಮೇಲೆ ಬಿದ್ದಿತ್ತು. ಅವಳ ಕೈ ಇನ್ನೂ ಸ್ವಿಚ್ಚಿನ ಮೇಲೇ ಇತ್ತು.