ಬೀಸಣಿಗೆಯ ಹಿಂದಿನ ಮಾತು

"ಈ ನಾಯಿ ನನ್ನ ಮನೇಲಿ ತಿಂದು ನನ್ನನ್ನೇ ಉಪವಾಸ ಕೆಡವ್ತಿದೆ, ನೋಡ್ರೋ!"

ಮುದುಕ ಲೆಮಾವೈ ಹೀಗೆ ಕೂಗಿದಾಗ ಚಾಪೆಗಳ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ ಇಡೀ ಕುಟುಂಬ ಅತ್ತ ತಿರುಗಿತು. ಅವನ ಬೆರಳು ತೋರಿಸಿದ್ದು ಪೆಸಮಿನೋನನ್ನು. ತಮ್ಮನ ಮಗ. ಹದಿನಾಲ್ಕು ವರ್ಷದಿಂದ ದಿನಾ ಬೆಳಗ್ಗೆ ಕಲ್ಲೊಲೆ ಹೊತ್ತಿಸಿ, ಕೆಸುವಿನ ಗೆಡ್ಡೆ ಸುಟ್ಟು, ತೆಂಗಿನಹಾಲು ಹಿಂಡಿ, ಮೊದಲ ಪಾಲು ದೊಡ್ಡಪ್ಪನ ಮುಂದಿಟ್ಟು, ಮಿಕ್ಕಿದ್ದನ್ನು ಹಿಂದುಗಡೆ ಕೂತು ತಿಂದವನು. ಓದು ಬಿಟ್ಟಿದ್ದೂ ಈ ಚಾಕರಿಗೇ.

"ಏನಾಯ್ತು ಮಾವ?" ಎಂದು ಮಲಾಕಿ ಜೇನಿನಂಥ ದನಿಯಲ್ಲಿ ಕೇಳಿದ. ಅವನು ಮುದುಕನ ತಂಗಿಯ ಮಗ. ಕಡಲಾಚೆ ಆಕ್ಲೆಂಡಿನಲ್ಲಿರುತ್ತಾನೆ, ಈಗೀಗ ವರ್ಷಕ್ಕೆರಡು ಸಲ ಬರುತ್ತಾನೆ. ಬಂದಾಗಲೆಲ್ಲ ಮುದುಕನ ಪಕ್ಕಕ್ಕೇ ಅಂಟಿಕೊಂಡು ಅವನ ಪಾದ ನೀವುತ್ತಾನೆ.

"ನೀನು ತಂದ ಉಪ್ಪುಮಾಂಸದ ಬಕೆಟ್ ಬಚ್ಚಿಟ್ಟಿದಾನೆ ಕಣೋ, ಕಳ್ಳ ಸೂಳೇಮಗ!"

"ಹೋಗ್ಲಿ ಬಿಡಿ ಮಾವ. ಹಸಿದೋನ ಕೈಗೆ ಬಕೆಟ್ ಕೊಟ್ಟಿದ್ದು ನನ್ನದೇ ತಪ್ಪು."

ಜನ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಮುದುಕನೇ.

ಬಕೆಟ್ ಬಚ್ಚಿಟ್ಟಿದ್ದು ನಿಜ. ಮಲಾಕಿ ನೀವುತ್ತಿದ್ದ ಆ ಪಾದ ಒತ್ತಿದರೆ ಹಿಟ್ಟಿನ ಹಾಗೆ ಕುಳಿ ಬೀಳುತ್ತಿತ್ತು. ಉಪ್ಪು ಕೊಟ್ಟರೆ ಮುದುಕ ಕ್ರಿಸ್‌ಮಸ್ ಕಾಣುವುದಿಲ್ಲ ಎಂದು ನರ್ಸಮ್ಮ ಪೆಸಮಿನೋಗೆ ಕಡ್ಡಿ ಮುರಿದ ಹಾಗೆ ಹೇಳಿದ್ದಳು. ಗುಳಿಗೆ ನುಂಗಿಸುವವನು ಅವನು, ಬೇಡ ಎನ್ನುವವನು ಅವನು, ಒದ್ದೆಯಾದ ಲುಂಗಿ ಬದಲಿಸು ಎಂದು ನೆನಪಿಸುವವನೂ ಅವನೇ. ಅಂದಮೇಲೆ ಮುದುಕನ ಲೋಕದಲ್ಲಿ ಕೆಟ್ಟದ್ದೆಲ್ಲ ಅವನ ಕೈಯಿಂದಲೇ ಬರುತ್ತಿತ್ತು. ಮಲಾಕಿ ಬಂದರೆ ನಗು, ಉಪ್ಪು, ಹಳೆ ಹಾಡು.

ಅಂದು ಕುಟುಂಬ ಸೇರಿದ್ದು ಪಟ್ಟದ ವಿಷಯಕ್ಕೆ. ಲೆಮಾವೈ ಎಂಬುದು ಹುಟ್ಟಿದ ಹೆಸರಲ್ಲ, ಮನೆತನದ ಪಟ್ಟ. ಹೊತ್ತವನು ಸತ್ತರೂ ಹೆಸರು ಸಾಯುವುದಿಲ್ಲ, ಇನ್ನೊಬ್ಬನ ತಲೆಗೇರುತ್ತದೆ. ಅದರ ಜೊತೆಗೆ ಕಡಲಂಚಿನ ಜಮೀನು, ಊರಸಭೆಯಲ್ಲಿ ಬೆನ್ನು ಒರಗಿಸಲು ಅವನಿಗೇ ಮೀಸಲಾದ ಒಂದು ಕಂಬ, ಆಡಿದ ಮಾತಿಗೆ ಬೆಲೆ. ಚಾಕರಿ ಮಾಡಿದವನಿಗೆ ಪಟ್ಟ, ಇದು ಸಮೋವಾದ ನಡೆ. "ಈ ಹೆಸರು ನಿನ್ನದೇ ಕಣೋ" ಎಂದು ದೊಡ್ಡಪ್ಪ ಎಷ್ಟೋ ಸಲ ಹೇಳಿದ್ದ. ಆದರೆ ಈಗ ಕೂಡಿದವರೆದುರು ದೊಡ್ಡಪ್ಪ ಯಾರ ಹೆಸರು ಹೇಳುತ್ತಾನೋ ಪಟ್ಟ ಅವನಿಗೇ.

"ಮಲಾಕಿಗೆ," ಎಂದ ಮುದುಕ. "ನನ್ನ ಮಲಾಕಿಗೆ. ಮುಗೀತು."

ಇದೇ ಮುದುಕ ಹಿಂದೆ ಹೇಗಿದ್ದ! ಯಾರಾದರೂ ಹೊಗಳಿದರೆ ಸಾಕು, "ಏನು ಬೇಕಾಗಿತ್ತು?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದ. ಮೂರು ವರ್ಷದ ಕೆಳಗೆ, ಮುತ್ತಜ್ಜಿ ನಾಲ್ಕು ವರ್ಷ ಕೂತು ಹೆಣೆದ, ರೇಷ್ಮೆಯಷ್ಟು ನಯವಾದ ಚಾಪೆಯನ್ನು ಮಲಾಕಿ ಆಕ್ಲೆಂಡಿನ ಯಾವುದೋ ಸಾವಿಗೆ ಮರ್ಯಾದೆ ಒಪ್ಪಿಸಬೇಕೆಂದು ಒಯ್ದ. ಮರ್ಯಾದೆಗೆ ಕೊಟ್ಟ ಚಾಪೆಗೆ ಬದಲು ಚಾಪೆ ಬರಬೇಕು. ಬರಲಿಲ್ಲ. ಮಾರಿದನೆಂಬ ಸುದ್ದಿ ಮಾತ್ರ ಬಂತು. "ಅವನ ನೆರಳೂ ನನ್ನ ಅಂಗಳದಲ್ಲಿ ಬೀಳಬಾರ್ದು" ಎಂದು ಮುದುಕ ಗುಡುಗಿದ್ದ. ಕಳೆದ ವರ್ಷ ಅದೇ ಮಲಾಕಿ ಬಕೆಟ್ ಹಿಡಿದು, ಹಲ್ಲು ಕಿರಿದು ನಿಂತಾಗ ಮುದುಕ ತಬ್ಬಿಕೊಂಡು ಅತ್ತ. ಚಾಪೆ ಹೋದದ್ದು ಮರೆತಿರಲಿಲ್ಲ. ಅದರ ಉರಿ ಮಾತ್ರ ಆರಿಹೋಗಿತ್ತು. "ಆಕ್ಲೆಂಡಲ್ಲಿ ನಮ್ಮ ಹೆಸರು ಎತ್ತಿ ಹಿಡಿದ ಹುಡುಗ" ಎನ್ನತೊಡಗಿದ.

ವಯಸ್ಸಾದರೆ ಹೆಸರು ಮರೆಯುತ್ತದೆ, ದಾರಿ ಮರೆಯುತ್ತದೆ, ಅದನ್ನು ಎಲ್ಲರೂ ಹೇಳುತ್ತಾರೆ. ಮೊದಲು ಹೋಗುವುದು ಅನುಮಾನ ಎಂದು ಯಾರೂ ಹೇಳುವುದಿಲ್ಲ. ಮೋಸಗಾರನ ಮುಖ ಕಂಡರೆ ಹೊಟ್ಟೆಯಲ್ಲಿ ಏನೋ ಚುಚ್ಚುತ್ತದಲ್ಲ, ಆ ಮುಳ್ಳು ಮೊಂಡಾಗುತ್ತದೆ. ಉಳಿದಿರುವುದು ನಾಲ್ಕು ದಿನ, ಅದು ಸಿಹಿಯಾಗಿರಲಿ ಎಂದು ಮನಸ್ಸು ಹಟ ಹಿಡಿಯುತ್ತದೆ. ಆ ಸಿಹಿಗೆ ಯಾರೋ ಒಬ್ಬನ ಬದುಕನ್ನೇ ಹಿಂಡಬೇಕು.

ಮುದುಕನ ಮಗಳು ಸೆಫಿನಾ ತಡೆಯಲಾರದೆ ಬಾಯಿ ಬಿಟ್ಟಳು. "ಅಪ್ಪನ ಬುದ್ಧಿ ಸ್ತಿಮಿತದಲ್ಲಿಲ್ಲ. ಇದು ಅಪ್ಪನ ಮಾತಲ್ಲ. ಈ ಮಾತು ಹಿಡಿದು ಪಟ್ಟ ಕೊಡಬೇಡಿ."

"ಅಕ್ಕಾ, ಹೆತ್ತಪ್ಪನ್ನ ಹುಚ್ಚ ಅಂತೀಯಲ್ಲ, ನಾಚ್ಕೆ ಆಗಲ್ವಾ?" ಮಲಾಕಿ ಎದೆ ಮೇಲೆ ಕೈಯಿಟ್ಟುಕೊಂಡ. "ಹೋದ ತಿಂಗಳು ಊರಸಭೆಯಲ್ಲಿ ಗಡಿ ಜಗಳ ಬಿಡಿಸಿದ್ದು ಯಾರು? ಏಳು ತಲೆಮಾರಿನ ಹೆಸರು, ಒಂದೂ ತಪ್ಪದೆ! ನಿಮ್ಮಲ್ಲಿ ಯಾರಿಗೆ ಬರುತ್ತೆ ಹೇಳಿ?"

"ಹೌದೌದು," ಎಂದರು ಜನ. "ತಲೆ ಚಾಕು ಇದ್ದಂಗಿದೆ."

ದೊಡ್ಡಪ್ಪನ ಬೆನ್ನ ಹಿಂದೆ ಕೂತು ಗಾಳಿ ಬೀಸುತ್ತಿದ್ದ ಪೆಸಮಿನೋನ ಬೀಸಣಿಗೆ ನಿಂತಿತು.

ಆ ಏಳು ತಲೆಮಾರು ಅವನ ಬಾಯಿಂದ ಬಂದದ್ದು. ಎರಡು ವರ್ಷದಿಂದ ಹೀಗೇ. ದೊಡ್ಡಪ್ಪನ ಬೆನ್ನ ಹಿಂದೆ ಕೂತು, ನೊಣ ಓಡಿಸುವ ನೆಪದಲ್ಲಿ ಬೀಸಣಿಗೆಯನ್ನು ಬಾಯಿಗೆ ಮರೆಮಾಡಿ, ಪಿಸುಗುಟ್ಟುತ್ತಿದ್ದ: ಎದುರು ಕೂತವನು ಯಾರ ಮಗ, ಏನು ಕೇಳಬೇಕು, ಏನು ತೀರ್ಪು ಕೊಡಬೇಕು. ಮುದುಕ ಅದನ್ನೇ ಗತ್ತಿನಿಂದ ಹೇಳುತ್ತಿದ್ದ. ಊರು ತಲೆದೂಗುತ್ತಿತ್ತು. ದೊಡ್ಡಪ್ಪನ ಮಾನ ಉಳಿಯಲಿ, ಮನೆತನ ನಗೆಪಾಟಲಾಗದಿರಲಿ ಎಂದು ಮಾಡಿದ್ದು. ಅದೂ ಚಾಕರಿಯೇ ಎಂದುಕೊಂಡಿದ್ದ. ಮುದುಕನ ತಲೆಯ ತೂತುಗಳನ್ನು ಎಷ್ಟು ಅಂದವಾಗಿ ಮುಚ್ಚಿದ್ದನೆಂದರೆ, ಈಗ ಆ ತಲೆ ತೂತೆಂದರೆ ನಂಬುವವರೇ ಇರಲಿಲ್ಲ.

ಮನೆತನದ ಪರವಾಗಿ ಮಾತಾಡುವ ಹಿರಿಯ ಮೋತುಸಾಗಾ ಗಂಟಲು ಸರಿಮಾಡಿಕೊಂಡ. "ಜಗಳ ಬೇಡ. ಹಗಲೂ ರಾತ್ರಿ ಜೊತೆಗಿರೋನು ಒಬ್ನೇ. ಅವನೇ ಹೇಳಲಿ. ಪೆಸಮಿನೋ, ನಿಮ್ಮ ದೊಡ್ಡಪ್ಪನ ಬುದ್ಧಿ ನೆಟ್ಟಗಿದೆಯೋ ಇಲ್ವೋ? ನೀನಂದಿದ್ದೇ ಕೊನೆ."

ಎಲ್ಲರ ಕಣ್ಣೂ ಅವನ ಮೇಲೆ.

ಇಲ್ಲ ಎಂದರೆ ಪಟ್ಟ ಮಲಾಕಿಗೆ ಹೋಗುವುದಿಲ್ಲ. ಆದರೆ ಮುಂದಿನ ಪ್ರಶ್ನೆ ಬರುತ್ತದೆ: ಗಡಿ ತೀರ್ಪು ಯಾರದು? ಸೋತವರಿಂದ ಐದು ಹಂದಿ ದಂಡ ಕಿತ್ತದ್ದು ಯಾರ ಮಾತಿನ ಮೇಲೆ? ಪಟ್ಟವಿಲ್ಲದವನೊಬ್ಬ ಹಿರಿಯನ ಬಾಯಿ ಕದ್ದು ಊರಿಗೆ ನ್ಯಾಯ ಹೇಳಿದನೆಂದರೆ ಅವನನ್ನು ಊರಿಂದಲೇ ಓಡಿಸುತ್ತಾರೆ. ಮುದುಕನೂ ಸಾಯುವ ಮೊದಲೇ ಹೆಣವಾಗುತ್ತಾನೆ. ನೆಟ್ಟಗಿದೆ ಎಂದರೆ ಹದಿನಾಲ್ಕು ವರ್ಷದ ಬೆವರನ್ನು ಎತ್ತಿ ಆ ಚಾಪೆಗಳ್ಳನ ಮಡಿಲಿಗೆ ಹಾಕಿದ ಹಾಗೆ.

"ಹೇಳೋ ಪೆಸಾ," ಮಲಾಕಿ ಮೆಲ್ಲಗೆಂದ. "ದೇವರ ಮೇಲೆ ಭಾರ ಹಾಕಿ ಹೇಳಿಬಿಡು." ನಗುತ್ತಿದ್ದ. ಅವನಿಗೆ ಎಲ್ಲ ಗೊತ್ತಿತ್ತು. ಬೀಸಣಿಗೆಯ ಆಟ ಅವನ ಕಣ್ಣಿಗೆ ಯಾವತ್ತೋ ಬಿದ್ದಿತ್ತು.

ದೊಡ್ಡಪ್ಪ ಕತ್ತು ಹೊರಳಿಸಿ ಪೆಸಮಿನೋನನ್ನು ನೋಡಿದ. ಪಾಪ ಎನಿಸುವ ನೋಟವಲ್ಲ ಅದು. ಬಾಗಿಲಲ್ಲಿ ನಿಂತ ಹರಕು ಸಾಮಾನು ಮಾರುವವನನ್ನು ನೋಡುವ ಹಾಗೆ ನೋಡಿ, "ಇವನ್ನ ಯಾಕ್ರೋ ಕೇಳ್ತೀರಿ?" ಎಂದು ರೇಗಿದ. "ನನ್ನ ಮನಸ್ಸಿಗೆ ಬೇಕಾದೋನು ಮಲಾಕಿ. ಇವನ ಮುಖ ಕಂಡ್ರೆ ನನಗೆ ಬೇಜಾರು ಬರುತ್ತೆ."

ಅದರಲ್ಲಿ ಮರೆವೇನೂ ಇರಲಿಲ್ಲ. ಅಷ್ಟು ಸ್ಪಷ್ಟವಾಗಿ ಅವನು ಮಾತಾಡಿ ತಿಂಗಳುಗಳೇ ಆಗಿದ್ದವು. ಬೆನ್ನ ಹಿಂದಿನಿಂದ ಯಾರೂ ಹೇಳಿಕೊಟ್ಟಿರಲಿಲ್ಲ.

ಪೆಸಮಿನೋ ಎದ್ದ.

ಕೂತ ಹಿರಿಯರ ಮುಂದೆ ಹಾದುಹೋಗುವವನು ಸೊಂಟ ಬಗ್ಗಿಸಬೇಕು, ಕೈಯನ್ನು ನೆಲದತ್ತ ಚಾಚಬೇಕು, ತಪ್ಪಾಯಿತು ತಪ್ಪಾಯಿತು ಎಂದು ಗೊಣಗುತ್ತ ಸಾಗಬೇಕು. ಇನ್ನೂ ಹಾಲುಹಲ್ಲು ಬೀಳದ ಕೂಸಿಗೂ ಅದು ಗೊತ್ತು. ಪೆಸಮಿನೋ ಬಗ್ಗಲಿಲ್ಲ. ತೆಂಗಿನ ಮರದ ಹಾಗೆ ನೆಟ್ಟಗೆ, ಮೋತುಸಾಗಾನ ಮೂಗಿನ ಮುಂದೆ, ಮಲಾಕಿಯ ಮೊಣಕಾಲಿನ ಮುಂದೆ, ದೊಡ್ಡಪ್ಪನ ಮುಂದೆ ದಾಟಿಹೋದ. ಯಾರೋ ಹೆಂಗಸು "ಅಯ್ಯೋ" ಎಂದಳು.

"ಏಯ್! ಕೇಳಿದ್ದಕ್ಕೆ ಉತ್ತರ ಕೊಟ್ಟು ಹೋಗೋ!" ಮೋತುಸಾಗಾ ಅರಚಿದ. "ಪೆಸಮಿನೋ!"

ಅವನು ಮೆಟ್ಟಿಲಿಳಿದು, ಚರ್ಚಿನ ಕಡೆಗೂ ತಿರುಗದೆ, ತೋಟದ ಕಡೆಗೂ ತಿರುಗದೆ, ಊರಾಚೆ ಒಯ್ಯುವ ಬಸ್ಸು ಬರುವ ರಸ್ತೆ ಹಿಡಿದು ನಡೆದ.