ಸಿಸ್ಟರ್ ಸುಮ್ಮನಿದ್ದ ನಾಲ್ಕು ತಾಸು

ಅಂಗಳದ ಕುರ್ಚಿಗಳನ್ನು ಡ್ರೈವರ್ ಮೂರನೆಯ ಸಲ ಎಳೆದು ಹಾಕುತ್ತಿದ್ದ. ಮೊದಲು ಗೋಡೆಯ ಪಕ್ಕ, ಆಮೇಲೆ ಮರದಡಿ, ಈಗ ಮತ್ತೆ ಗೋಡೆಗೆ.

“ಭಾವ, ಒಂದು ಗಳಿಗೆ ಕೂತ್ಕೊಳ್ಳಿ,” ಎಂದಳು ನಾದಿನಿ. “ಮೂವತ್ತು ವರ್ಷ ಬಸ್ಸಿನ ಸೀಟು ಬಿಟ್ಟು ಏಳದವರು, ಇವತ್ತು ಕಾಲಿಗೆ ಚಕ್ರ ಕಟ್ಕೊಂಡಿದ್ದೀರಲ್ಲ.”

“ಜನ ಬರ್ತಾರೆ. ನೆರಳು ಬೇಡ್ವಾ?”

ಒಳಗೆ ಅವನ ಹೆಂಡತಿಯ ಹೆಣವಿತ್ತು. ಮಕ್ಕಳ ಎಲುಬಿನ ವಾರ್ಡಿನಲ್ಲಿ ನರ್ಸಾಗಿ ದುಡಿದವಳು. ಊರಿಗೆಲ್ಲ ‘ಸಿಸ್ಟರ್’, ಕಟ್ಟಿಕೊಂಡ ಗಂಡನ ಬಾಯಲ್ಲೂ ಸಿಸ್ಟರೇ, ಅದಕ್ಕೆ ನಗದವರಿರಲಿಲ್ಲ. ಬೆಳಗಿನಿಂದ ಅವಳ ಮುಖ ನೋಡಲು ಅವನಿಂದಾಗಿರಲಿಲ್ಲ.

ಗೇಟಿನ ಬಳಿ ಹೆಂಗಸೊಬ್ಬಳು ಬಂದು ನಿಂತಳು. ಹೆಗಲ ಮೇಲೆ ನಿದ್ದೆಹೋದ ಮಗು.

“ಎಂಟು ವರ್ಷದವಳಿದ್ದಾಗ ಸಿಸ್ಟರ್ ವಾರ್ಡಲ್ಲಿದ್ದೆ,” ಎಂದಳು. “ತೋಳಲ್ಲಿ ಗಡ್ಡೆ ಆಗಿತ್ತು.”

ಮೊಣಕೈಯಿಂದ ಭುಜದವರೆಗೆ ಹಳೆಯ ಹೊಲಿಗೆಯ ಗೆರೆ. ಡ್ರೈವರನ ಕೈಯಿಂದ ಕುರ್ಚಿ ಜಾರಿತು.

*

ಇಪ್ಪತ್ತೆರಡು ವರ್ಷದ ಹಿಂದೆ ಆ ಹುಡುಗಿಯ ತೋಳಿನ ಕೆಟ್ಟ ಮೂಳೆ ತೆಗೆದು, ಅವಳದೇ ಕಾಲಿನ ಸಣ್ಣ ಮೂಳೆಯನ್ನು ರಕ್ತನಾಳದ ಸಮೇತ ತಂದು ಕೂಡಿಸಿದ್ದರು. ಒಳಗೆ ಮೂಳೆ ಜೀವಂತವಿದೆಯೇ ಎಂದು ತಿಳಿಯಲು, ಅದರ ಜೊತೆಗೇ ತಂದ ಎರಡು ಬೆರಳಗಲದ ಚರ್ಮ ಹೊರಗೆ ಕಾಣುತ್ತಿತ್ತು. ಗಂಟೆಗೊಮ್ಮೆ ಸಿಸ್ಟರ್ ಒತ್ತಿ ನೋಡಬೇಕು. ಬಿಳಿಚಿಕೊಂಡು ಮತ್ತೆ ಕೆಂಪಾದರೆ ಸರಿ.

ಎರಡನೆಯ ದಿನ ಬೆಳಿಗ್ಗೆ ಅದು ನೀಲಿಗಟ್ಟತೊಡಗಿತು. ಕಿರಿಯ ಡಾಕ್ಟರು “ಊತ ಅಷ್ಟೆ, ಕಾಯೋಣ” ಎಂದರು. ಸಿಸ್ಟರ್ ಕಾದಳು, ನಾಲ್ಕು ತಾಸು. ಆಮೇಲೆ ಹಿರಿಯ ಡಾಕ್ಟರು ಬಂದು ತೋಳನ್ನು ಮತ್ತೆ ತೆರೆದರು. ನಾಳದಲ್ಲಿ ಹೆಪ್ಪುಗಟ್ಟಿದ್ದ ರಕ್ತ ತೆಗೆದು ಹೊಲಿದರು. ಮೂಳೆ ಉಳಿದೀತೆಂದು ಮಾತ್ರ ಹೇಳಲಿಲ್ಲ. ಕೆಲವು ವಾರಕ್ಕೆ ಹುಡುಗಿಯ ಅಪ್ಪನಿಗೆ ದೂರದೂರಿಗೆ ವರ್ಗವಾಯಿತು. ಸುದ್ದಿ ಅಲ್ಲಿಗೇ ನಿಂತಿತು.

“ಕಣ್ಣಾರೆ ಕಂಡೂ ಬಾಯಿಗೆ ಬೀಗ ಹಾಕ್ಕೊಂಡೆ ಕಣ್ರಿ,” ಎಂದು ಸಿಸ್ಟರ್ ಊಟದ ನಡುವೆ, ಬಟ್ಟೆ ಒಣಹಾಕುವಾಗ ಅಂದುಬಿಡುತ್ತಿದ್ದಳು. ಹೋದ ವಾರವೂ ಅಂದಿದ್ದಳು.

*

“ಮೂಳೆ ಏನಾಯ್ತು?” ಎಂದ ಡ್ರೈವರ್.

“ಉಳೀತು. ಜೀವ ಇರೋ ಮೂಳೆ ಅಲ್ವಾ, ಭಾರ ಹೊತ್ತಷ್ಟೂ ದಪ್ಪ ಆಯ್ತು. ಒಂದು ಸಲ ಬಿದ್ದು ಮುರ್ಕೊಂಡೆ, ತಾನೇ ಕೂಡ್ಕೊಂತು.” ಅವಳು ಮಗುವನ್ನು ಸರಿಮಾಡಿಕೊಂಡಳು. “ಹಿರಿಯ ಡಾಕ್ಟರನ್ನ ಊಟದ ತಟ್ಟೆ ಮುಂದಿಂದ ಎಬ್ಬಿಸಿ ಎಳ್ಕೊಂಡು ಬಂದೋರು ಸಿಸ್ಟರೇ ಅಂತೆ. ಅಮ್ಮ ಈಗಲೂ ಹೇಳ್ತಾಳೆ.”

ಅದನ್ನು ಸಿಸ್ಟರ್ ಒಮ್ಮೆಯೂ ಹೇಳಿರಲಿಲ್ಲ.

“ಮೊನ್ನೆ ಬರೋಕಾಗ್ಲಿಲ್ವಾ ತಾಯಿ?” ಡ್ರೈವರನ ದನಿ ಒರಟಾಯಿತು. “ಮೊನ್ನೆ ಅವಳಿಗೆ ಕಿವಿ ಕೇಳ್ತಿತ್ತು.”

“ಬರಬೇಕು ಬರಬೇಕು ಅಂದ್ಕೊಂಡೇ ಇದ್ದೆ,” ಎಂದು ಅವಳು ತಲೆ ತಗ್ಗಿಸಿದಳು.

ಅವನು ಗೇಟಿನವರೆಗೆ ಹೋದ, ವಾಪಸು ಬಂದ, ಮತ್ತೆ ಹೋದ. ಆಮೇಲೆ ಒಳಗೆ ಹೋಗಿ ಸಿಸ್ಟರ್ ಕಿವಿಯ ಹತ್ತಿರ ಬಗ್ಗಿದ. ಏನಂದನೋ ಯಾರಿಗೂ ಕೇಳಲಿಲ್ಲ.

ಹೊರಡುವ ಹೊತ್ತಾಯಿತು. ಚಟ್ಟದ ಮೂರು ಮೂಲೆಗೆ ಜನವಿತ್ತು. ನಾಲ್ಕನೆಯದಕ್ಕೆ ಡ್ರೈವರ್ ಭುಜ ಕೊಡಲು ಬಗ್ಗಿದ; ಮಂಡಿ ಒಪ್ಪಲಿಲ್ಲ.

“ಇವಳನ್ನ ಸ್ವಲ್ಪ ಹಿಡ್ಕೊಳ್ಳಿ,” ಎಂದು ಆ ಹೆಂಗಸು ಮಗುವನ್ನು ಅವನಿಗೆ ಕೊಟ್ಟಳು.

“ಆ ಕೈಲಿ ಬೇಡಮ್ಮ,” ಎಂದಳು ನಾದಿನಿ.

ಅಷ್ಟರಲ್ಲಿ ಅವಳು ಎತ್ತಿಯಾಗಿತ್ತು.

ಮಗು ಡ್ರೈವರನ ಕುತ್ತಿಗೆಗೆ ಮುಖ ಒತ್ತಿ, ಜೊಲ್ಲು ಸುರಿಸುತ್ತಾ ಮಲಗೇ ಇತ್ತು. ಅವನು ಎಲ್ಲರಿಗಿಂತ ಹಿಂದೆ, ರಸ್ತೆಯ ಒಂದೊಂದು ಹೊಂಡವನ್ನೂ ಸುತ್ತಿ ಬಳಸಿ, ನಿಧಾನವಾಗಿ ನಡೆದ.